ಉಷ್ಣಕ್ಕೆ ತೂಕವಿಲ್ಲ, ಲೆಕ್ಕವಿದೆ

ಏಪ್ರಿಲ್ ಬಂತೆಂದರೆ ಕಲಬುರಗಿ, ಯಾದಗಿರಿ ಕಡೆ ಮಾತೆಲ್ಲ ಬಿಸಿಲಿನದೇ. "ಝಳ ಒಳಗ ಬರ್ಲಾಕತ್ತದ, ಬಾಗಿಲ ಹಾಕ್ರಿ." "ಕೂಲರ್ ತಂಪು ಬಿಡವಲ್ದು, ಬರ್ಫ್ ಹಾಕಿ ನೋಡ್ರಿ." "ಗ್ಯಾಸ್ ಉರಿದು ಖಾಲಿ ಆತು." ಮೂರು ಮಾತಿನಲ್ಲೂ ಬಿಸಿ, ತಂಪು ಎಂಬುವು ಚೀಲದಲ್ಲಿ ತುಂಬಿಡಬಹುದಾದ ಸಾಮಾನಿನ ಹಾಗೆ ಓಡಾಡುತ್ತವೆ. ಮಾತಿಗೆ ಇದು ನಡೆಯುತ್ತದೆ. ಕೂಲರ್ ಕೂಡಿಸುವಾಗ, ಸುಣ್ಣ ಅರಳಿಸುವಾಗ, ಸ್ಲ್ಯಾಬಿಗೆ ನೀರು ಹೊಡೆಯುವಾಗ ನಡೆಯುವುದಿಲ್ಲ. ಅಲ್ಲಿ ದುಡ್ಡು, ನೀರು, ಕೆಲವೊಮ್ಮೆ ಕಣ್ಣೂ ಹೋಗುತ್ತದೆ.

ದ್ರವ್ಯ ಎಂದರೆ ಜಾಗ ಹಿಡಿಯುವ, ತಕ್ಕಡಿಯಲ್ಲಿ ತೂಗುವ ವಸ್ತು. ನೀರು, ಕಲ್ಲು, ಸತು, ಗಾಳಿ, ಉಗಿ ಎಲ್ಲವೂ ದ್ರವ್ಯವೇ. ಉಷ್ಣ ಜಾಗ ಹಿಡಿಯುವುದಿಲ್ಲ. ಅದು ಹೆಚ್ಚು ತಾಪದ (ತಾಪ ಎಂದರೆ ಡಿಗ್ರಿಯಲ್ಲಿ ಅಳೆಯುವ ಬಿಸಿಯ ಮಟ್ಟ) ವಸ್ತುವಿನಿಂದ ಕಡಿಮೆ ತಾಪದ ವಸ್ತುವಿಗೆ ಸಾಗುವ ಶಕ್ತಿ. ಮೊದಲಿನದನ್ನು ಗ್ರಾಂನಲ್ಲಿ ಬರೆಯಬೇಕು, ಎರಡನೆಯದನ್ನು ಶಕ್ತಿಯ ಅಳತೆಯಾದ ಕಿಲೋಜೂಲ್‌ನಲ್ಲಿ. ಅಂಗಡಿಯಲ್ಲಿ ಎರಡು ಖಾತೆ ಇಟ್ಟ ಹಾಗೆ: ಒಂದು ಖಾತೆಯ ಬಾಕಿಯನ್ನು ಇನ್ನೊಂದರಲ್ಲಿ ತೀರಿಸಲು ಬರುವುದಿಲ್ಲ. (ಒಂದು ಷರಾ: ವಸ್ತುವಿನೊಳಗೆ ಕೂತಿರುವುದಕ್ಕೆ "ಉಷ್ಣ" ಎನ್ನದೆ "ಆಂತರಿಕ ಶಕ್ತಿ" ಎನ್ನಬೇಕೆಂದು ಭೌತಶಾಸ್ತ್ರದ ಮೇಷ್ಟ್ರುಗಳು ಪಟ್ಟು ಹಿಡಿಯುತ್ತಾರೆ. ಅವರದು ಸರಿ. ಇಲ್ಲಿ ಮಾತ್ರ ಬಳಕೆಯ ಮಾತಿನಂತೆ "ಸ್ಲ್ಯಾಬಿನಲ್ಲಿ ಕೂತ ಬಿಸಿ" ಎಂದೇ ಬರೆದಿದೆ.)

ತೂಗಿ ನೋಡುವುದು

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ, ಸ್ಕ್ರೂ ಮುಚ್ಚಳದ ಒಂದೇ ಪದರದ ಸ್ಟೀಲ್ ಬಾಟಲಿ ಇದ್ದರೆ ಸಾಕು. ಎರಡು ಪದರದ ಫ್ಲಾಸ್ಕ್ ಬೇಡ, ಅದು ಬೇಗ ಆರುವುದಿಲ್ಲ. ಸುಮಾರು 60 ಡಿಗ್ರಿಯ ನೀರು ಅರ್ಧ ಲೀಟರ್ ಹಾಕಿ, ಮುಚ್ಚಳ ಬಿಗಿದು, ಹೊರಮೈ ಒರೆಸಿ ತೂಗಿ. ಬೆಳಿಗ್ಗೆ ನೀರು 30 ಡಿಗ್ರಿಗೆ ಇಳಿದ ಮೇಲೆ ಮತ್ತೆ ತೂಗಿ. ಅಂಕಿ ಅಲ್ಲೇ ಇರುತ್ತದೆ. ಈ ನಡುವೆ ಬಾಟಲಿಯಿಂದ ಹೊರಗೆ ಹೋದದ್ದು ಸುಮಾರು 63 ಕಿಲೋಜೂಲ್, 60 ಕೆ.ಜಿ. ತೂಕದ ಆಳನ್ನು ನೂರು ಮೀಟರ್ ಎತ್ತರಕ್ಕೆ ಎತ್ತುವಷ್ಟು ಶಕ್ತಿ. ತಕ್ಕಡಿಗೆ ಅದರ ಸುಳಿವೇ ಸಿಗಲಿಲ್ಲ.

ತೂಕ ತಪ್ಪಿದರೆ ಕಾರಣ ಹುಡುಕುವುದು ಕಷ್ಟವಲ್ಲ. ಕಡಿಮೆ ಬಂದರೆ ಮುಚ್ಚಳದ ರಬ್ಬರ್ ಸರಿಯಿಲ್ಲ, ಉಗಿ ಹೋಗಿದೆ. ಬಿಸಿ ಬಾಟಲಿಯನ್ನು ನೇರ ತಕ್ಕಡಿಯ ಮೇಲಿಟ್ಟರೆ ಒಳಗಿನ ಲೋಡ್‌ಸೆಲ್ (ತೂಕ ಗ್ರಹಿಸುವ ಭಾಗ) ಕಾದು ಅಂಕಿ ತಾನಾಗಿ ಓಡುತ್ತದೆ; ನಡುವೆ ಒಂದು ಮರದ ಹಲಗೆ ಇಟ್ಟು, ಅದರ ತೂಕ ಸೊನ್ನೆ ಮಾಡಿಕೊಂಡು ತೂಗಬೇಕು. ಫ್ರಿಜ್‌ನಿಂದ ತೆಗೆದ ಬಾಟಲಿಯಲ್ಲಿ ಇದೇ ಪ್ರಯೋಗ ಮಾಡಿದರೆ ತೂಕ ಹೆಚ್ಚುತ್ತದೆ. ತಂಪಿಗೆ ತೂಕ ಬಂತೆಂದಲ್ಲ, ಗಾಳಿಯ ತೇವ ಹೊರಮೈಗೆ ಹನಿಯಾಗಿ ಕೂತಿದೆ. ಮೇ ತಿಂಗಳ ಒಣಹವೆಯಲ್ಲಿ ಇದು ಕಡಿಮೆ, ಜುಲೈನಲ್ಲಿ ಒಂದೆರಡು ಗ್ರಾಂ ಸಲೀಸಾಗಿ ಬರುತ್ತದೆ. ಮುಚ್ಚಿದ ಬಾಟಲಿಯನ್ನು ಒಲೆಯ ಮೇಲಂತೂ ಇಡಲೇಬಾರದು, ಸಿಡಿಯುತ್ತದೆ.

ಉಷ್ಣವನ್ನು ವಸ್ತುವೆಂದು ನಂಬಿದ್ದವರು ದಡ್ಡರಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆವಾಸಿಯೇ 1789ರಲ್ಲಿ ಪ್ರಕಟಿಸಿದ ಮೂಲವಸ್ತುಗಳ ಪಟ್ಟಿಯಲ್ಲಿ ಆಮ್ಲಜನಕ, ಜಲಜನಕಗಳ ಜೊತೆ "ಕ್ಯಾಲೊರಿಕ್" ಎಂಬ ಉಷ್ಣದ್ರವವೂ ಇತ್ತು. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಸುತ್ತಿದ್ದ ಕೌಂಟ್ ರಮ್‌ಫರ್ಡ್ 1798ರಲ್ಲಿ ಅದನ್ನು ಅಲುಗಾಡಿಸಿದ. ಮೊಂಡ ಬೈರಿಗೆ ತಿರುಗುತ್ತಿದ್ದಷ್ಟು ಹೊತ್ತೂ ಬಿಸಿ ಹುಟ್ಟುತ್ತಲೇ ಇತ್ತು, ಸುತ್ತಲಿನ ನೀರು ಎರಡೂವರೆ ಗಂಟೆಯಲ್ಲಿ ಕುದಿಯಿತು. ಲೋಹದೊಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದಾದರೂ ಖಾಲಿಯಾಗಬೇಕಿತ್ತಲ್ಲ? ನೀರು ಹೆಪ್ಪುಗಟ್ಟುವಾಗ ತೂಕ ಬದಲಾಗುತ್ತದೆಯೇ ಎಂದೂ ಆತ ತೂಗಿ ನೋಡಿದ, ಬದಲಾಗಲಿಲ್ಲ. 1840ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೂಲ್ ಎಷ್ಟು ಕೆಲಸಕ್ಕೆ ಎಷ್ಟು ಉಷ್ಣ ಎಂಬುದನ್ನು ಅಳೆದ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.19 ಜೂಲ್ ಎಂದು ಇಂದು ಬಳಸುವ ಅಂಕಿ ಅದೇ ದಾರಿಯದು.

ಐನ್‌ಸ್ಟೈನ್ ಸೂತ್ರದ ಪ್ರಕಾರ ಶಕ್ತಿಗೂ ತೂಕ ಇರಬೇಕಲ್ಲ ಎನ್ನುವವರಿಗೆ: ಇದೆ. ಒಂದು ಲೀಟರ್ ನೀರನ್ನು 30ರಿಂದ 100 ಡಿಗ್ರಿಗೆ ಕಾಯಿಸಿದರೆ ಅದರ ತೂಕ ಒಂದು ಗ್ರಾಂನ ನೂರು ಕೋಟಿ ಭಾಗದಲ್ಲಿ ಮೂರು ಭಾಗದಷ್ಟು ಹೆಚ್ಚುತ್ತದೆ. ಯಾವ ತಕ್ಕಡಿಯೂ ಅದನ್ನು ಹಿಡಿಯದು.

ಒಲೆಯ ಮೇಲೆ

ಮೊದಲು ಗ್ಯಾಸ್. ಸಿಲಿಂಡರಿನ ಗ್ಯಾಸ್ ಉರಿದು "ಬಿಸಿಯಾಗಿಬಿಡುತ್ತದೆ" ಎಂಬುದು ತಪ್ಪು. 10 ಗ್ರಾಂ ಎಲ್‌ಪಿಜಿ ಗಾಳಿಯ 36 ಗ್ರಾಂ ಆಮ್ಲಜನಕದ ಜೊತೆ ಸೇರಿ ಸುಮಾರು 30 ಗ್ರಾಂ ಇಂಗಾಲದ ಡೈಆಕ್ಸೈಡ್, 16 ಗ್ರಾಂ ನೀರಾವಿ ಆಗುತ್ತದೆ. 46 ಹೋಯಿತು, 46 ಬಂತು. ಗ್ರಾಂ ಖಾತೆ ಸರಿಹೋಯಿತು. ಬಿಸಿ ಬಂದದ್ದು ಅಣುಗಳ ಜೋಡಣೆ ಬದಲಾದದ್ದರಿಂದ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಗೋಡೆಗೆ ಪಸೆ ಬರುವುದು, ತಲೆ ಭಾರವಾಗುವುದು ಆ 46 ಗ್ರಾಂ ಅಲ್ಲೇ ಉಳಿಯುವುದರಿಂದ.

ಆ 10 ಗ್ರಾಂ ಗ್ಯಾಸ್ ಸಾಧಾರಣ ಒಲೆಯಲ್ಲಿ ಒಂದು ಲೀಟರ್ ನೀರನ್ನು ಕುದಿಗೆ ತರುತ್ತದೆ. ಅದೇ ನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ ಇನ್ನೂ 75 ಗ್ರಾಂ ಗ್ಯಾಸ್ ಬೇಕು. ಒಂದು ಕಿಲೋ ನೀರು ಕುದಿಯುತ್ತ ಉಗಿಯಾಗಲು 2260 ಕಿಲೋಜೂಲ್ ನುಂಗುತ್ತದೆ, ತಾಪ ಮಾತ್ರ ಒಂದು ಡಿಗ್ರಿಯೂ ಏರುವುದಿಲ್ಲ. ಹಾಗಾಗಿ ಕುದಿ ಬಂದ ಮೇಲೆ ಉರಿ ದೊಡ್ಡದು ಮಾಡಿದರೆ ಬೇಳೆ ಬೇಗ ಬೇಯದು, ನೀರು ಬೇಗ ಹೋಗುತ್ತದೆ ಅಷ್ಟೆ. ಅಂದಹಾಗೆ ನಮ್ಮಲ್ಲಿ ನೀರು 100 ಡಿಗ್ರಿಗೆ ಕುದಿಯುವುದೇ ಇಲ್ಲ. ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸು ಎತ್ತರದಲ್ಲಿದೆ, ಅಲ್ಲಿ ಸುಮಾರು 98.5 ಡಿಗ್ರಿ, ಬೀದರ್ ಇನ್ನೂ ಎತ್ತರ, ಅಲ್ಲಿ 98ಕ್ಕಿಂತ ತುಸು ಕಡಿಮೆ. ಕುಕ್ಕರ್ ಒಳಗೆ ಒತ್ತಡ ಹೆಚ್ಚಿ ಸುಮಾರು 120 ಡಿಗ್ರಿ ಸಿಗುತ್ತದೆ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿದರೂ ಒಳಗಿನ ತಾಪ ಅಷ್ಟೇ ಇರುತ್ತದೆ. ಒಂದರ ಹಿಂದೊಂದು ಸೀಟಿ ಹೊಡೆಸುವುದು ಉಗಿ ಹೊರಗೆ ಚೆಲ್ಲುವುದಕ್ಕೆ ಸಮ.

ಈಗ ಈ ಭಾಗದ ದೊಡ್ಡ ದೂರು: ಎಷ್ಟು ಸೀಟಿ ಹೊಡೆಸಿದರೂ ತೊಗರಿಬೇಳೆ ಕರಗುವುದಿಲ್ಲ. ತೊಗರಿಯ ಕಣಜದಲ್ಲೇ ಈ ಗತಿ! ಎಲ್ಲರೂ ಬಿಸಿ ಸಾಲದೆಂದು ತಿಳಿಯುತ್ತಾರೆ. ಬಹಳ ಸಲ ತಪ್ಪು ಇರುವುದು ನೀರಿನಲ್ಲಿ. ನೆಲದಡಿ ಸುಣ್ಣಕಲ್ಲು ಇರುವ ಕಡೆ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿದರೆ ಅಂಟು ಇನ್ನೂ ಬಿಗಿಯಾಗುತ್ತದೆ. ಇದು ದ್ರವ್ಯದ ತೊಂದರೆ, ಉರಿಯಿಂದ ತೀರದು. ಬೇಳೆಯ ನೀರನ್ನು ಮೊದಲೇ ಹತ್ತು ನಿಮಿಷ ಕುದಿಸಿ, ಆರಿಸಿ, ತಳದಲ್ಲಿ ಬಿಳಿ ಪುಡಿ ಕೂತ ಮೇಲೆ ಮೇಲಿನ ತಿಳಿನೀರು ಬಳಸಿದರೆ ತಾತ್ಕಾಲಿಕ ಗಡಸುತನವಷ್ಟು ಹೋಗುತ್ತದೆ. ಹೋಗದ ಗಡಸುತನವೂ ಇರುತ್ತದೆ, ಅದಕ್ಕೆ ನಳದ ನೀರೋ ಫಿಲ್ಟರ್ ನೀರೋ ಬೇಕು. ಚಿಟಿಕೆ ಸೋಡಾ ಹಾಕಿದರೆ ಬೇಳೆ ಕರಗುವುದು ನಿಜ, ಜೊತೆಗೆ ಬಿ1 ಜೀವಸತ್ವವೂ ಹಾಳಾಗುತ್ತದೆ. ಹಳೆಯ ದಾಸ್ತಾನಿನ ಬೇಳೆಯಾದರೆ ಇವ್ಯಾವುದರಿಂದಲೂ ಪೂರ್ತಿ ಗುಣ ಕಾಣದು.

ತಾಪ ಒಂದೇ ಇದ್ದರೂ ಉಷ್ಣ ಒಂದೇ ಇರಬೇಕೆಂದಿಲ್ಲ. 30 ಡಿಗ್ರಿಯ ಅರ್ಧ ಲೀಟರ್ ನೀರಿಗೆ 80 ಡಿಗ್ರಿಯ ಅರ್ಧ ಲೀಟರ್ ನೀರು ಸುರಿದರೆ ಲೆಕ್ಕದಂತೆ 55 ಡಿಗ್ರಿ ಆಗಬೇಕು, ಪಾತ್ರೆ ಒಂದಿಷ್ಟು ಹೀರಿ 52-53 ಬರುತ್ತದೆ. ಅದೇ ನೀರಿಗೆ 80 ಡಿಗ್ರಿಗೆ ಕಾದ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲು ಹಾಕಿದರೆ 35 ಡಿಗ್ರಿಯೂ ಆಗದು. ಒಂದು ಕಿಲೋ ಕಬ್ಬಿಣವನ್ನು ಒಂದು ಡಿಗ್ರಿ ಏರಿಸಲು 0.45 ಕಿಲೋಜೂಲ್ ಸಾಕು, ನೀರಿಗೆ 4.19 ಬೇಕು. ರೊಟ್ಟಿಯ ಹೆಂಚು ಬೇಗ ಕಾದು ಬೇಗ ಆರುವುದು, ಸ್ನಾನದ ಹಂಡೆ ಕಾಯುವಷ್ಟರಲ್ಲಿ ಸೌದೆ ಮುಗಿಯುವುದು ಇದಕ್ಕೇ.

ಕೂಲರ್ ಮತ್ತು ಗಡಿಗೆ

ಕೂಲರ್ ತಂಪನ್ನು ತಯಾರಿಸುವುದಿಲ್ಲ, ಉಷ್ಣವನ್ನು ಹೊರಗೂ ಕಳಿಸುವುದಿಲ್ಲ. ಗಾಳಿಯಲ್ಲಿದ್ದ ಉಷ್ಣವನ್ನು ನೀರಿಗೆ ಕೊಟ್ಟು ನೀರನ್ನು ಆವಿ ಮಾಡುತ್ತದೆ. ಈ ತಾಪದಲ್ಲಿ ಒಂದು ಕಿಲೋ ನೀರು ಆರಲು, ಅಂದರೆ ಆವಿಯಾಗಿ ಹೋಗಲು, ಸುಮಾರು 2430 ಕಿಲೋಜೂಲ್ ಬೇಕು. ಗಾಳಿ ತಣ್ಣಗಾಯಿತು, ಆ ಉಷ್ಣ ಈಗ ಆವಿಯೊಳಗೆ ಅಡಗಿ ಕೂತಿದೆ. ಆವಿ ದ್ರವ್ಯ, ಅದನ್ನು ಕೋಣೆಯಿಂದ ಹೊರಗೆ ಹಾಕಲೇಬೇಕು. ಹೊರಗೆ 42 ಡಿಗ್ರಿ, ಸಾಪೇಕ್ಷ ಆರ್ದ್ರತೆ 20 ಶೇಕಡಾ ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 24 ತೋರಿಸುತ್ತದೆ. ಯಾವ ಕೂಲರೂ ಅದಕ್ಕಿಂತ ಕೆಳಗೆ ಇಳಿಸದು. ಒಳ್ಳೆಯ ಪ್ಯಾಡ್ (ನೀರು ಇಳಿಯುವ ಹುಲ್ಲಿನ ಪದರ) ಇದ್ದರೆ ನಡುವಿನ 18 ಡಿಗ್ರಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇಳಿಸಿ 27-28ಕ್ಕೆ ತರುತ್ತದೆ. ಜುಲೈನಲ್ಲಿ 32 ಡಿಗ್ರಿ, ಆರ್ದ್ರತೆ 70 ಇದ್ದಾಗ ಆ ಒದ್ದೆ ಥರ್ಮಾಮೀಟರೇ 27ರ ಮೇಲಿರುತ್ತದೆ. ಆಗ ಕೂಲರ್ ಕೊಡುವುದು ಮೂರು-ನಾಲ್ಕು ಡಿಗ್ರಿ ಮತ್ತು ಮೈಗೆ ಅಂಟುವ ಸೆಕೆ. ಪಂಪ್ ಬಂದ್ ಮಾಡಿ ಫ್ಯಾನ್ ಮಾತ್ರ ಓಡಿಸುವುದು ಮೇಲು.

ಬಾಗಿಲು, ಕಿಟಕಿ ಮುಚ್ಚಿ ಕೂಲರ್ ಓಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಏಸಿಗೆ ಸರಿಯಾದದ್ದು ಕೂಲರಿಗೆ ತಿರುಗುಬಾಣ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ತೇವದಿಂದ ತುಂಬಿ, ಪ್ಯಾಡಿನ ನೀರು ಆರುವುದೇ ನಿಲ್ಲುತ್ತದೆ. ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು, ಎದುರು ಗೋಡೆಯ ಕಿಟಕಿ ಎರಡು-ಮೂರು ಚದರ ಅಡಿಯಷ್ಟು ತೆರೆದಿರಬೇಕು. ಆ ಕಿಟಕಿಯಲ್ಲಿ ಕೈ ಹಿಡಿದರೆ ಗಾಳಿ ಹೊರಗೆ ದಬ್ಬುವುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಇನ್ನಷ್ಟು ತೆಗೆಯಿರಿ.

ಬರ್ಫಿನ ಲೆಕ್ಕವೂ ನೋಡೋಣ. ಐದು ಕಿಲೋ ಬರ್ಫ್ ಕರಗಿ 24 ಡಿಗ್ರಿಗೆ ಬರುವಷ್ಟರಲ್ಲಿ ಹೀರುವುದು ಸುಮಾರು 2170 ಕಿಲೋಜೂಲ್. ಅಂದರೆ ಒಂದು ಲೀಟರಿಗಿಂತ ಕಡಿಮೆ ನೀರು ಆರಿದಷ್ಟು. ಗಂಟೆಗೆ 2000 ಘನ ಮೀಟರ್ ಗಾಳಿ ತಳ್ಳುವ ಕೂಲರ್ ಮೇ ತಿಂಗಳ ಮಧ್ಯಾಹ್ನ ಗಂಟೆಗೆ 12-13 ಲೀಟರ್ ನೀರು ಆರಿಸುತ್ತದೆ. ನಿಮ್ಮ ಐದು ಕಿಲೋ ಬರ್ಫ್ ಅದರ ನಾಲ್ಕೈದು ನಿಮಿಷದ ಕೆಲಸ. ಆ ದುಡ್ಡು ಪ್ಯಾಡಿಗೆ ಹಾಕುವುದು ಲಾಭ.

ಪ್ಯಾಡ್ ಏಕೆ ಕೆಡುತ್ತದೆ? ಆರಿ ಹೋಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದ ಲವಣ ಅಲ್ಲೇ ಉಳಿಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಲವಣ ಇರುವ ನೀರಾದರೆ ಎಂಟು ಗಂಟೆಯ ಓಟಕ್ಕೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ! ಟ್ಯಾಂಕಿಗೆ ನೀರು ತುಂಬುತ್ತಲೇ ಹೋದರೆ ಅದೆಲ್ಲ ಹುಲ್ಲಿನ ಮೇಲೆ ಬಿಳಿ ಗಾರೆಯಾಗಿ ಕೂತು, ಗಾಳಿಯ ದಾರಿ ಮುಚ್ಚುತ್ತದೆ. ಎರಡು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ನೀರು ಚೆಲ್ಲಿ. ಪಂಪಿನ ಜಾಲರಿ, ಮೇಲಿನ ನೀರು ಹಂಚುವ ಪೈಪಿನ ತೂತು ಕಡ್ಡಿಯಿಂದ ಬಿಡಿಸಿ. ಪ್ಯಾಡಿನಲ್ಲಿ ಎಲ್ಲಿ ಒಣ ಪಟ್ಟೆ ಇದೆಯೋ ಅಲ್ಲಿಂದ ಹೊರಗಿನ ಬಿಸಿಗಾಳಿ ಹಾಗೇ ಒಳಗೆ ಬರುತ್ತಿರುತ್ತದೆ.

ಗಡಿಗೆಯದೂ ಇದೇ ವಿದ್ಯೆ. ಹತ್ತು ಲೀಟರ್ ನೀರು 38ರಿಂದ 26ಕ್ಕೆ ಇಳಿಯಲು ಕನಿಷ್ಠ 200 ಗ್ರಾಂ ನೀರು ಮೈಯಿಂದ ಆರಬೇಕು. ಸುತ್ತಲಿನ ಬಿಸಿ ಒಳಗೆ ಬರುತ್ತಲೇ ಇರುವುದರಿಂದ ನಿಜಕ್ಕೆ ಇನ್ನೂ ಹೆಚ್ಚು. ತಂಪು ಬೇಕಾದವರು ಈ ನೀರಿನ ಖರ್ಚಿಗೆ ಒಪ್ಪಬೇಕು. ಆಯಿಲ್ ಪೇಂಟ್ ಬಳಿದ ಚೆಂದದ ಗಡಿಗೆಯಲ್ಲಿ ತೂತು ಮುಚ್ಚಿರುತ್ತದೆ, ಅದು ಬರೀ ಪಾತ್ರೆ. ಎರಡು ಬೇಸಿಗೆ ಕಂಡ ಗಡಿಗೆಯ ಮೈಗೂ ಉಪ್ಪು ಕಟ್ಟುತ್ತದೆ. ಸಾಬೂನು ಹಚ್ಚದೆ ತೆಂಗಿನ ನಾರಿನಿಂದ ಉಜ್ಜಿ, ಹೋಗದಿದ್ದರೆ ಹೊಸದು ತನ್ನಿ. ನೆರಳಿರಬೇಕು, ಗಾಳಿ ಆಡಬೇಕು. ಮೂಲೆಯ ಕಪಾಟಿನೊಳಗಿಟ್ಟ ಗಡಿಗೆ ತಂಪಾಗದೆಂದು ಕುಂಬಾರನನ್ನು ಬೈದು ಫಲವಿಲ್ಲ.

ರಾತ್ರಿ ಸುಡುವ ಸ್ಲ್ಯಾಬ್

ಹೊತ್ತು ಮುಳುಗಿದರೂ ಕೋಣೆ ಯಾಕೆ ಕುದಿಯುತ್ತದೆ? ನಾಲ್ಕು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಒಂದು ಚದರ ಮೀಟರಿಗೆ 240 ಕೆ.ಜಿ. ತೂಗುತ್ತದೆ. 30ರಿಂದ 50 ಡಿಗ್ರಿಗೆ ಕಾದರೆ 10×10 ಅಡಿ ಕೋಣೆಯ ಮಾಳಿಗೆಯಲ್ಲಿ ಸುಮಾರು 39,000 ಕಿಲೋಜೂಲ್, ಅಂದರೆ 11 ಯೂನಿಟ್ ಕರೆಂಟಿನಷ್ಟು ಉಷ್ಣ. ಸಾವಿರ ವ್ಯಾಟಿನ ಹೀಟರ್ ರಾತ್ರಿಯಿಡೀ ನೆತ್ತಿಯ ಮೇಲೆ ಉರಿದಂತೆ. ಇದು ಹೆಚ್ಚಾಗಿ ವಿಕಿರಣವಾಗಿ ಬರುತ್ತದೆ, ಬರಲು ಗಾಳಿಯೂ ಬೇಡ. ಸೂರ್ಯನಿಂದ ಭೂಮಿಗೆ ಬರುವಂತೆಯೇ. ಅದಕ್ಕೇ ಫ್ಯಾನ್ ಹಾಕಿದರೂ ಮುಖಕ್ಕೆ ಝಳ ಹೊಡೆಯುತ್ತದೆ. ಶಹಾಬಾದ್ ಫರಸಿ ಹಾಸಿದ ಅಂಗಳವೂ ಹೀಗೇ ರಾತ್ರಿ ಹತ್ತರವರೆಗೆ ಬಿಸಿ ಕಕ್ಕುತ್ತದೆ.

ಸಂಜೆ ಮಾಳಿಗೆಗೆ ನೀರು ಹಾಕುವ ರೂಢಿ ಒಳ್ಳೆಯದೇ, ಹಾಕುವ ಕ್ರಮ ತಪ್ಪು. ಪೈಪ್ ಬಿಟ್ಟು ನೀರು ಹರಿಸಿದರೆ ಒಂದು ಲೀಟರ್ 30ರಿಂದ 40 ಡಿಗ್ರಿಗೆ ಕಾದು ಹರನಾಳದಲ್ಲಿ ಇಳಿದುಹೋಗುತ್ತದೆ, ಒಯ್ದದ್ದು 42 ಕಿಲೋಜೂಲ್. ಅದೇ ಲೀಟರ್ ಅಲ್ಲೇ ಆರಿದರೆ 2430. ಸುಮಾರು 58 ಪಟ್ಟು. ಆ ಕೋಣೆಯ ಮಾಳಿಗೆಗೆ 16 ಲೀಟರ್, ಅಂದರೆ ಒಂದು ಕೊಡದ ನೀರು ಸಾಕು, ಎಲ್ಲವೂ ಆರುವ ಹಾಗಿದ್ದರೆ. ಬಿಸಿಲು ಇಳಿದ ಮೇಲೆ ಗುಲಾಬ್‌ದಾನಿ ಚಿಮುಕಿಸಿದಂತೆ ತೆಳ್ಳಗೆ ಚಿಮುಕಿಸಿ, ಒಣಗಲು ಬಿಟ್ಟು, ಮತ್ತೆ ಚಿಮುಕಿಸಬೇಕು. ಗೋಣಿಚೀಲ ಹಾಸಿ ಒದ್ದೆ ಮಾಡಿದರೆ ಇನ್ನೂ ಚೆನ್ನ. ಹಗಲು ಒಳಗೆ ಬರುವ ಬಿಸಿಯನ್ನೇ ತಡೆಯಲು ಮಾರ್ಚ್‌ನಲ್ಲೇ ದಪ್ಪಗೆ ಎರಡು ಕೈ ಬಿಳಿ ಸುಣ್ಣ ಹೊಡೆಯುವುದಕ್ಕಿಂತ ಅಗ್ಗದ ಉಪಾಯ ಇಲ್ಲ.

ಸುಣ್ಣ: ಎರಡೂ ಖಾತೆ ಕದಲುವ ಜಾಗ

ಬಾಟಲಿ, ಕಬ್ಬಿಣ, ಸ್ಲ್ಯಾಬ್‌ಗಳಲ್ಲಿ ಉಷ್ಣ ಮಾತ್ರ ಓಡಾಡಿತು, ತೂಕ ಕದಲಲಿಲ್ಲ. ಸುಣ್ಣದಲ್ಲಿ ಎರಡೂ ಕದಲುತ್ತವೆ, ಆದರೂ ಬೇರೆ ಬೇರೆ ಕಾರಣಕ್ಕೆ. ಶುದ್ಧ ಸುಣ್ಣಕಲ್ಲು ಒಂದು ಕಿಲೋ ಭಟ್ಟಿಯಲ್ಲಿ 900 ಡಿಗ್ರಿಯಲ್ಲಿ ಸುಟ್ಟರೆ ಸುಮಾರು 1780 ಕಿಲೋಜೂಲ್ ನುಂಗಿ 560 ಗ್ರಾಂ ಸುಟ್ಟ ಸುಣ್ಣವಾಗುತ್ತದೆ. ಉಷ್ಣ ಒಳಗೆ ಬಂತು, ತೂಕ ಇಳಿಯಿತು! ಇಳಿದ 440 ಗ್ರಾಂ ಉಷ್ಣವಾಗಿ ಹೋದದ್ದಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಹೊಗೆಕೊಳವೆ ಹತ್ತಿದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಒಂದು ಟನ್ ಕ್ಲಿಂಕರಿಗೆ (ಅರೆದರೆ ಸಿಮೆಂಟಾಗುವ ಸುಟ್ಟ ಗಟ್ಟಿಗೆ) ಹತ್ತಿರ ಹತ್ತಿರ ಒಂದೂವರೆ ಟನ್ ಸುಣ್ಣಕಲ್ಲು ಬೇಕಾಗುವುದು ಇದರಿಂದಲೇ.

560 ಗ್ರಾಂ ಸುಟ್ಟ ಸುಣ್ಣ 180 ಗ್ರಾಂ ನೀರನ್ನು ಕೂಡಿಸಿಕೊಂಡು 740 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಈ ಸಲ ತೂಕ ಏರಿತು, ಉಷ್ಣ ಹೊರಗೆ ಬಂತು. ಗೋಡೆಗೆ ಹಚ್ಚಿದ ಮೇಲೆ ತಿಂಗಳುಗಟ್ಟಲೆ ಗಾಳಿಯಿಂದ 440 ಗ್ರಾಂ ಇಂಗಾಲದ ಡೈಆಕ್ಸೈಡ್ ಹೀರಿ, 180 ಗ್ರಾಂ ನೀರು ಬಿಟ್ಟು, ಮತ್ತೆ ಒಂದು ಕಿಲೋ ಸುಣ್ಣಕಲ್ಲು. ಬಹಮನಿಯವರ ಗುಂಬಜ್‌ಗಳ ಗಾರೆ ಕಲ್ಲಿನಷ್ಟೇ ಗಟ್ಟಿ ಇರುವುದರಲ್ಲಿ ಆಶ್ಚರ್ಯವಿಲ್ಲ, ಅದು ತಿರುಗಿ ಕಲ್ಲೇ ಆಗಿದೆ.

ಅರಳಿಸುವಾಗ ಜಾಗ್ರತೆ. ಒಂದು ಕಿಲೋ ಸುಟ್ಟ ಸುಣ್ಣ ಅರಳುವಾಗ ಸುಮಾರು 1160 ಕಿಲೋಜೂಲ್ ಬಿಡುತ್ತದೆ, ನಾಲ್ಕು ಲೀಟರ್ ನೀರನ್ನು ಕುದಿಗೆ ತರುವಷ್ಟು. ಕಬ್ಬಿಣದ ಡ್ರಮ್ ಅಥವಾ ನೆಲದ ಗುಂಡಿ ಬೇಕು, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಒಡೆಯುತ್ತದೆ. ಮೊದಲು ನೀರು, ಕಿಲೋಗೆ ಮೂರು ಲೀಟರಿನಂತೆ. ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಉದ್ದ ಕೋಲಿನಿಂದ ತಿರುವಬೇಕು. ಸುಣ್ಣದ ರಾಶಿಯ ಮೇಲೆ ಒಂದು ಚೊಂಬು ನೀರು ಸುರಿದರೆ ನೀರೆಲ್ಲ ಒಮ್ಮೆಲೇ ಉಗಿಯಾಗಿ ಬಿಸಿ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ, ಬೀಸುವ ಗಾಳಿಗೆ ಮುಖ ಕೊಟ್ಟು ನಿಂತು ಈ ಕೆಲಸ ಬೇಡ. ಕಣ್ಣಿಗೆ ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ತೊಳೆದು ನೇರ ಆಸ್ಪತ್ರೆಗೆ. ಆರಿದ ಮೇಲೆ ಸೋಸಿ, ಎರಡು-ಮೂರು ವಾರ ನೀರಿನಡಿಯೇ ಇಟ್ಟರೆ ಗಾರೆ ನುಣ್ಣಗೆ ಬರುತ್ತದೆ.

ನೀರು ಹಾಕಿದರೂ ಕುದಿಯದಿದ್ದರೆ ಸುಣ್ಣ ಸತ್ತಿದೆ. ಬಾಯ್ತೆರೆದ ಚೀಲದಲ್ಲಿ ಕೂತು ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಆಗಲೇ ಬಿಸಿ ಕಳೆದುಕೊಂಡಿದೆ. ತೂಕ ಮಾತ್ರ ಹೆಚ್ಚಿರುತ್ತದೆ, ಆ ಹೆಚ್ಚಿನ ತೂಕಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ. ಅರಳದೆ ಉಳಿದ ಗಟ್ಟಿ ಗುಂಡುಗಳು ಭಟ್ಟಿಯಲ್ಲಿ ಒಳಗಿನವರೆಗೆ ಬೇಯದ ಕಲ್ಲು. ಅತಿಯಾಗಿ ಸುಟ್ಟದ್ದು ಇನ್ನೂ ತಂಟೆ: ನಿಧಾನಕ್ಕೆ ಅರಳುತ್ತ, ಗಿಲಾವು ಮಾಡಿದ ಎಷ್ಟೋ ದಿನದ ಮೇಲೆ ಗೋಡೆಯಲ್ಲಿ ಚಿಪ್ಪು ಏಳಿಸುತ್ತದೆ.

ಸಿಮೆಂಟಿನ ಕ್ಯೂರಿಂಗ್ ಬಗ್ಗೆಯೂ ಒಂದು ಮಾತು. ಸ್ಲ್ಯಾಬಿಗೆ ನೀರು ಹೊಡೆಯುವುದು ಅದನ್ನು ತಂಪು ಮಾಡಲು ಎಂದು ಬಹಳ ಮೇಸ್ತ್ರಿಗಳು ಹೇಳುತ್ತಾರೆ, ಮೋಡ ಕವಿದ ದಿನ ನೀರು ತಪ್ಪಿಸುತ್ತಾರೆ. 50 ಕೆ.ಜಿ. ಚೀಲದ ಸಿಮೆಂಟ್ ಗಟ್ಟಿಯಾಗುವಾಗ 11-12 ಲೀಟರ್ ನೀರನ್ನು ತನ್ನ ಮೈಗೇ ಸೇರಿಸಿಕೊಳ್ಳುತ್ತದೆ. ಆ ನೀರು ಮೊದಲೇ ಆರಿಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೆ ಬಿಸಿ ಹೆಚ್ಚೇ ಇರುತ್ತದೆ, ಆದರೂ ಕ್ಯೂರಿಂಗ್ ಚೆನ್ನಾಗಿ ಆಗುತ್ತದೆ, ಏಕೆಂದರೆ ನೀರು ಹೊರಗೆ ಹೋಗಲಿಲ್ಲ. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ನಮ್ಮ ಒಣಬಿಸಿಲಿಗೆ ಮತ್ತು ಹಾರುಬೂದಿ ಬೆರೆತ ಸಿಮೆಂಟಿಗೆ ಹತ್ತು ದಿನ.

ಬೀದರಿನ ಸತು

ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದ್ರಿ ಕೆಲಸದಲ್ಲಿ ಲೋಹ ಸತು, ಜೊತೆಗೆ ಸುಮಾರು ಹದಿನಾರಕ್ಕೆ ಒಂದರಂತೆ ತಾಮ್ರ. ಸತು 419 ಡಿಗ್ರಿಯಲ್ಲಿ ಕರಗುತ್ತದೆ. ಕೇಳಲು ಭಯ ಹುಟ್ಟಿಸುವ ತಾಪ. ಆದರೆ ಒಂದು ಕಿಲೋ ಸತುವನ್ನು 30 ಡಿಗ್ರಿಯಿಂದ ಕಾಯಿಸಿ ಪೂರ್ತಿ ಕರಗಿಸಲು ಬೇಕಾದ ಉಷ್ಣ 280 ಕಿಲೋಜೂಲ್ ಒಳಗೇ. ಒಂದು ಲೀಟರ್ ಚಹಾದ ನೀರು ಕುದಿಸಲು ಇದಕ್ಕಿಂತ ಹೆಚ್ಚು, 285ರ ಹತ್ತಿರ ಬೇಕು. ತಾಪ ಎಷ್ಟೆಂಬುದರಿಂದ ಉಷ್ಣ ಎಷ್ಟೆಂದು ಊಹಿಸಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಉರಿ ಹೆಚ್ಚಾದರೆ ಸತುವೇ ಆವಿಯಾಗಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಳಿ ಹೊಗೆ ಏಳುತ್ತದೆ. ಆಗ ಮೂಸೆಯಿಂದ ಹೋಗುತ್ತಿರುವುದು ಬಿಸಿ ಮಾತ್ರವಲ್ಲ, ಮಾಲು. ಉಸಿರಿಗೆ ಸೇರಿದರೆ ಸಂಜೆಗೆ ಚಳಿಜ್ವರ. ಹೊಗೆ ಕಂಡ ಕೂಡಲೇ ಉರಿ ತಗ್ಗಿಸಬೇಕು. ಮೂಸೆಗೆ ಹಾಕುವ ತುಂಡಿನಲ್ಲಿ ಹನಿ ನೀರಿದ್ದರೂ ಅದು ಉಗಿಯಾಗಿ ಹಿಗ್ಗಿ ಲೋಹ ಸಿಡಿಸುತ್ತದೆ, ಆದ್ದರಿಂದ ತುಂಡು ಮೊದಲೇ ಒಲೆಯ ಬದಿಗಿಟ್ಟು ಒಣಗಿಸಿರಬೇಕು.

ಎರಕ ತೆಗೆದು, ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಆ ಕಪ್ಪಿನ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂಡಿಸಿದ ಮೇಲೆ ಬರುವುದು ಕೊನೆಯ ಕಪ್ಪು. ವಸ್ತುವನ್ನು ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಬೆರೆಸಿದ ಲೇಪ ಹಚ್ಚಿ ಉಜ್ಜುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಬಿಸಿಯೇ ಕಪ್ಪು ಮಾಡುವುದಾಗಿದ್ದರೆ ಬರೀ ಒಲೆಯ ಮೇಲಿಟ್ಟರೆ ಸಾಕಿತ್ತು. ಬಣ್ಣ ಬರುವುದು ಲೋಹದ ಹೊರಪದರ ಬೇರೆ ವಸ್ತುವಾಗುವುದರಿಂದ, ಬಿಸಿ ಅದನ್ನು ಚುರುಕು ಮಾಡುತ್ತದೆ ಅಷ್ಟೆ. ಹಾಗಾಗಿ ಮನೆಯಲ್ಲಿರುವ ಹೂದಾನಿ ಮಸುಕಾದರೆ ಬಿಸಿಲಿಗಿಡುವುದು, ಬಿಸಿನೀರಿನಲ್ಲಿ ಅದ್ದುವುದು ಬೇಡ. ಹುಣಸೆಹಣ್ಣು, ನಿಂಬೆಹುಳಿ ಹಚ್ಚಿ ಬೆಳ್ಳಿ ಬೆಳಗಲು ಹೋದರೆ ಹುಳಿ ಆ ಕಪ್ಪು ಪದರವನ್ನೇ ತಿನ್ನುತ್ತದೆ. ಒಣಬಟ್ಟೆಯಿಂದ ದೂಳು ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಸಾಕು.